ಚೈನ್‌ಸಾ ಹಲ್ಲಿಗೆ ಸಾಣೆ: ಅಂಚಿಗಿಂತ ಮೂಲೆ ನೋಡಿ

ಚೈನು ಮೊಂಡಾಗಿದೆ ಎಂದು ಮೊದಲು ಹೇಳುವುದು ಬಾರಿನ, ಅಂದರೆ ಚೈನು ಸುತ್ತ ಓಡುವ ಉದ್ದ ಪಟ್ಟಿಯ, ಕೆಳಗೆ ಉದುರುವ ಪುಡಿ. ಹರಿತವಾದ ಹಲ್ಲು ಮರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಎಸೆಯುತ್ತದೆ. ಮೊಂಡು ಹಲ್ಲು ಅದೇ ಮರವನ್ನು ಉಜ್ಜಿ ಹಿಟ್ಟು ಮಾಡುತ್ತದೆ. ಹಸಿ ಮರಕ್ಕೆ ಅಡ್ಡ ಕೊಯ್ಯುವಾಗಲೂ ಹಿಟ್ಟು ಬರುತ್ತಿದ್ದರೆ, ಯಂತ್ರವನ್ನು ತೋಳಿನ ಬಲದಿಂದ ಅದುಮಬೇಕಾಗಿದ್ದರೆ, ಕೊಯ್ತ ಒಂದು ಬದಿಗೆ ಬಾಗುತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದುಮಿ ಕೊಯ್ದಷ್ಟೂ ಚೈನು ಕಾಯುತ್ತದೆ, ಬಾರಿನ ಅಂಚು ಸವೆಯುತ್ತದೆ, ಕ್ಲಚ್ಚಿಗೆ ಹೊರೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿದವರ ಕೈ ಸೋಲುತ್ತದೆ. ಸೋತ ಕೈಯಲ್ಲಿ ಓಡುವ ಚೈನು ಇರಬಾರದು.

ಸಾಣೆ ಹಿಡಿಯುವ ಮೊದಲು ಹಲ್ಲಿನ ರಚನೆ ಕಣ್ಣಿಗೆ ಕಟ್ಟಿರಬೇಕು. ಪ್ರತಿ ಹಲ್ಲಿನಲ್ಲೂ ಎರಡು ಗುಡ್ಡಗಳಿವೆ. ಹಿಂದಿನದು ಕೊಯ್ಯುವ ಭಾಗ, ಮುಂದಿನದು ಗೂನಿನಂತೆ ಎದ್ದ ರೇಕರ್, ಅಂದರೆ ಡೆಪ್ತ್ ಗೇಜ್. ಚೈನು ಓಡುವಾಗ ರೇಕರ್ ಮುಂದೆ ಹೋಗಿ ಮರದ ಮೇಲೆ ಕೂರುತ್ತದೆ, ಹಿಂದಿನ ಅಂಚು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುತ್ತದೆ. ಕೊಯ್ಯುವ ಭಾಗಕ್ಕೆ ಒಂದು ನೆತ್ತಿ, ಒಂದು ಕೆನ್ನೆ. ಕೆನ್ನೆ ಮರದ ನಾರನ್ನು ಪಕ್ಕದಿಂದ ಕತ್ತರಿಸುತ್ತದೆ, ನೆತ್ತಿ ಉಳಿಯಂತೆ ಅದನ್ನು ತಳದಿಂದ ಎಬ್ಬಿಸುತ್ತದೆ. ಇವೆರಡೂ ಕೂಡುವ ಮೂಲೆಯೇ ಮರವನ್ನು ಮೊದಲು ಮುಟ್ಟುವುದು, ಮೊದಲು ಮೊಂಡಾಗುವುದೂ ಅದೇ. ನೆತ್ತಿಯ ಅಂಚು ಎಷ್ಟೇ ಹೊಳೆಯಲಿ, ಮೂಲೆ ಉರುಟಾಗಿದ್ದರೆ ಆ ಹಲ್ಲು ಕೊಯ್ಯುವುದಿಲ್ಲ.

ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿರುವ ಈ ಜೋಡಣೆಗೆ ಮೂಲ ಒಂದು ಹುಳ. 1946ರಲ್ಲಿ ಅಮೆರಿಕದ ಮರ ಕಡಿಯುವ ಕೆಲಸಗಾರ ಜೋ ಕಾಕ್ಸ್, ಮರ ಕೊರೆಯುವ ಜೀರುಂಡೆಯ ಮರಿಹುಳ ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ಕಚ್ಚುತ್ತಾ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಮುನ್ನಡೆಯುವುದನ್ನು ಗಮನಿಸಿದರು. ಅದೇ ಕಲ್ಪನೆಯನ್ನು ಉಕ್ಕಿನಲ್ಲಿ ಮೂಡಿಸಿದ ಚೈನು ಮರುವರ್ಷ ಮಾರುಕಟ್ಟೆಗೆ ಬಂತು. ಅದಕ್ಕೂ ಹಿಂದಿನ ಚೈನುಗಳಿಗೆ ಕೈಗರಗಸದಂಥ ಹಲ್ಲುಗಳಿದ್ದವು, ಅವಕ್ಕೆ ಸಾಣೆ ಹಿಡಿಯುವುದು ದೊಡ್ಡ ಕೆಲಸ. ಇಂದು ಒಂದು ದುಂಡು ಅರ, ಒಂದು ಚಪ್ಪಟೆ ಅರ ಇದ್ದರೆ ಸಾಕಾಗುವುದು ಈ ಹಲ್ಲಿನ ಆಕಾರದಿಂದಲೇ.

ಯಾವ ಅರ?

ಇಲ್ಲಿ ಅಂದಾಜು ನಡೆಯದು. ಅರದ ದಪ್ಪ ಚೈನಿನ ಪಿಚ್‌ಗೆ, ಅಂದರೆ ಅದರ ಕಡಿಗಳ ಅಳತೆಗೆ, ಹೊಂದಬೇಕು. ಪಿಚ್ ಗೊತ್ತಿಲ್ಲದಿದ್ದರೆ ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳನ್ನು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆಯಿರಿ. ಅದರ ಅರ್ಧವೇ ಪಿಚ್. ಅಳತೆ 12.7 ಮಿ.ಮೀ. ಬಂದರೆ ಕಾಲು ಇಂಚಿನ ಚೈನು, 16.5 ಬಂದರೆ .325 ಇಂಚಿನದು, 19 ಬಂದರೆ 3/8, 20.5 ಬಂದರೆ .404. ಕಾಲು ಇಂಚಿನದಕ್ಕೆ 4 ಮಿ.ಮೀ. ಅರ, .325ಕ್ಕೆ 4.8, .404ಕ್ಕೆ 5.5. ಗೊಂದಲವಾಗುವುದು 3/8ರಲ್ಲಿ. ಸಣ್ಣ ಯಂತ್ರಗಳಿಗೆ ಬರುವ ಲೋ ಪ್ರೊಫೈಲ್ ಚೈನಿಗೂ ಅದೇ ಪಿಚ್, ಆದರೆ ಹಲ್ಲು ಗಿಡ್ಡ. ಅದಕ್ಕೆ 4 ಅಥವಾ 4.5 ಮಿ.ಮೀ. ಅರ ಬೇಕು. ದೊಡ್ಡ ಯಂತ್ರದ ಪೂರ್ಣ ಎತ್ತರದ 3/8ಕ್ಕೆ 5.2 ಅಥವಾ 5.5. ಎರಡರಲ್ಲಿ ಯಾವುದು ಎಂಬುದನ್ನು ಚೈನಿನ ಡಬ್ಬಿಯ ಮೇಲೆ ತಯಾರಕರೇ ಬರೆದಿರುತ್ತಾರೆ. ಹಾಗಾಗಿ ಡಬ್ಬಿ ಎಸೆಯಬೇಡಿ.

ಅರ ದಪ್ಪವಾದರೆ ಅಂಚು ಹಿಂದಕ್ಕೆ ಒರಗಿ ಮರದ ಮೇಲೆ ಜಾರುತ್ತದೆ. ಸಣ್ಣದಾದರೆ ನೆತ್ತಿಯ ಅಡಿಯನ್ನು ಕೊರೆದು ಅಂಚನ್ನು ಕೊಕ್ಕೆಯಂತೆ ಮಾಡುತ್ತದೆ. ಕೊಕ್ಕೆಯ ಅಂಚು ಮೊದಲ ಎರಡು ಕೊಯ್ತ ಅದ್ಭುತವಾಗಿ ಕಚ್ಚುತ್ತದೆ, ಆಮೇಲೆ ತೆಳುವಾದ ತುದಿ ಮುರಿದು ಮೊದಲಿಗಿಂತ ಮೊಂಡಾಗುತ್ತದೆ. ಅರದ ಅಳತೆ ಸರಿಯಿದ್ದೂ ಎತ್ತರ ತಪ್ಪಿದರೆ ಫಲ ಇದೇ. ಸರಿಯಾದ ಎತ್ತರವೆಂದರೆ ಅರದ ದಪ್ಪದಲ್ಲಿ ಐದನೇ ಒಂದು ಪಾಲು ನೆತ್ತಿಗಿಂತ ಮೇಲೆ ಕಾಣುತ್ತಿರಬೇಕು, 4.8ರ ಅರದಲ್ಲಾದರೆ ಸುಮಾರು 1 ಮಿ.ಮೀ. ಇದನ್ನು ಬರಿಗಣ್ಣಿನಲ್ಲಿ ಕಾಯ್ದುಕೊಳ್ಳುವುದು ಕಷ್ಟ. ಹೊಸಬರು ಅರದ ಹೋಲ್ಡರ್ ಅಥವಾ ಉರುಳೆಯಿರುವ ಗೈಡ್ ಬಳಸಲೇಬೇಕು, ಹಳಬರು ಬಳಸಿದರೂ ಅವಮಾನವೇನಿಲ್ಲ.

ಕೈಯಲ್ಲಿ ಅರ ಹಾಕುವ ಬಗೆ

ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ಹೊರಗೆ, ಕರೆಂಟಿನದಾದರೆ ಪ್ಲಗ್ ಹೊರಗೆ. ಕೈಗವಸು ಹಾಕಿ, ನಿಂತ ಚೈನೂ ಕೊಯ್ಯುತ್ತದೆ. ಬ್ರಷ್ಷಿನಿಂದ ಅಂಟು, ಪುಡಿ, ಎಣ್ಣೆ ತೆಗೆಯಿರಿ. ಎಣ್ಣೆ ಮೆತ್ತಿದ ಹಲ್ಲಿನ ಮೇಲೆ ಅರ ಜಾರುತ್ತದೆ, ಅರದ ಗೆರೆಗಳೂ ತುಂಬಿಕೊಳ್ಳುತ್ತವೆ. ಅರಕ್ಕೆ ಎಣ್ಣೆ ಹಾಕುವ ಪದ್ಧತಿ ಕೆಲವರಲ್ಲಿದೆ, ಅದು ತಪ್ಪು. ಬಾರನ್ನು ವೈಸ್‌ನಲ್ಲಿ ಕಚ್ಚಿಸಿ, ಚೈನನ್ನು ಮಾಮೂಲಿಗಿಂತ ತುಸು ಬಿಗಿ ಮಾಡಿ. ಹಲ್ಲು ಅಲುಗಾಡಿದರೆ ಕೋನ ಉಳಿಯುವುದಿಲ್ಲ. ಶುರು ಮಾಡುವ ಹಲ್ಲಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ.

ಮೊದಲು ಅತಿ ಗಿಡ್ಡವಾಗಿರುವ ಅಥವಾ ಹೆಚ್ಚು ಪೆಟ್ಟು ತಿಂದಿರುವ ಹಲ್ಲನ್ನು ಹುಡುಕಿ, ಅಲ್ಲಿಂದ ಆರಂಭಿಸಿ. ಉಳಿದವು ಅದರ ಉದ್ದಕ್ಕೆ ಬರಬೇಕು. ಹೆಚ್ಚಿನ ಚೈನುಗಳಿಗೆ ನೆತ್ತಿಯ ಕೋನ 30 ಡಿಗ್ರಿ, ಕೆಲವಕ್ಕೆ 25. ಮರವನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವ ಚೈನಿಗೆ 10. ಹಲ್ಲಿನ ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ತರುವಾಗ ಅರವನ್ನು ಎತ್ತಿಕೊಳ್ಳಿ, ಎಳೆದು ಉಜ್ಜಿದರೆ ಅರವೇ ಸವೆಯುತ್ತದೆ. ಹೊರಗಿನಿಂದ ಒಳಕ್ಕೆ ಏಕೆ ಬೇಡವೆಂದರೆ, ಹಲ್ಲಿನ ಹೊರಮೈಗೆ ಕ್ರೋಮಿಯಂ ಲೇಪವಿದೆ, ಅರಕ್ಕಿಂತ ಗಟ್ಟಿ. ನೇರ ಅದಕ್ಕೆ ತಾಗಿದ ಅರ ಬೇಗ ಸಾಯುತ್ತದೆ. ನಿಜವಾಗಿ ಕೊಯ್ಯುವುದು ಆ ಲೇಪದ ತುದಿಯೇ. ಅದಕ್ಕೇ ಮೂಲೆಯಲ್ಲಿ ಲೇಪ ಎಲ್ಲಿಯವರೆಗೆ ಕಿತ್ತುಹೋಗಿದೆಯೋ ಅಲ್ಲಿಯವರೆಗೂ ಹಲ್ಲನ್ನು ಹಿಂದಕ್ಕೆ ತರಬೇಕು. ಒಂದು ಕಲ್ಲು ಅಥವಾ ಮೊಳೆ ತಾಗಿದ ಚೈನಿಗೆ ಎರಡು ತಳ್ಳು ಕೊಟ್ಟು ‘ಆಯ್ತು’ ಎನ್ನುವುದರಿಂದ ಏನೂ ಆಗುವುದಿಲ್ಲ, ಅದಕ್ಕೆ ಹತ್ತು ಹದಿನೈದು ತಳ್ಳು ಬೇಕಾಗಬಹುದು.

ಮಾಮೂಲಿ ಮೊಂಡಿಗೆ ಹಲ್ಲಿಗೆ ಮೂರು ನಾಲ್ಕು ತಳ್ಳು ಸಾಕು. ಎಣಿಸುತ್ತಾ ಹೋಗಿ, ಎಲ್ಲ ಹಲ್ಲಿಗೂ ಒಂದೇ ಲೆಕ್ಕ, ಒಂದೇ ಒತ್ತಡ. ಆಗಾಗ ಅರವನ್ನು ಬೆರಳಲ್ಲಿ ತುಸು ತಿರುಗಿಸಿ, ಇಲ್ಲದಿದ್ದರೆ ಒಂದೇ ಮಗ್ಗುಲು ಸವೆದುಹೋಗುತ್ತದೆ. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿ ಆಮೇಲೆ ಬಾರಿನ ಆಚೆ ಬದಿಗೆ ನಿಂತು ಇನ್ನೊಂದು ಸಾಲು ಮಾಡಿ. ಬಹುತೇಕರ ತಪ್ಪು ಇಲ್ಲೇ. ಕೈಗೆ ಒಗ್ಗಿದ ಬದಿಯಲ್ಲಿ ಒತ್ತಡ ಹೆಚ್ಚು, ಒಗ್ಗದ ಬದಿಯಲ್ಲಿ ಕಡಿಮೆ. ನಾಲ್ಕೈದು ಸಲ ಹೀಗಾದರೆ ಎರಡು ಸಾಲಿನ ಉದ್ದ ಬೇರೆಯಾಗಿ, ಕೊಯ್ತ ಉದ್ದವಾದ, ಹರಿತವಾದ ಹಲ್ಲುಗಳ ಕಡೆಗೆ ವಾಲುತ್ತದೆ. ಕ್ಯಾಲಿಪರ್‌ನಿಂದ ಎರಡೂ ಬದಿಯ ನೆತ್ತಿಯ ಉದ್ದ ಅಳೆದು, ಉದ್ದವಿರುವ ಸಾಲಿಗೆ ಒಂದೆರಡು ತಳ್ಳು ಹೆಚ್ಚು ಕೊಡಿ. ಹಲ್ಲುಗಳೆಲ್ಲ ಸಮವಿದ್ದೂ ಕೊಯ್ತ ಬಾಗಿದರೆ ದೋಷ ಬಾರಿನದು. ಅದರ ಎರಡು ಹಳಿಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ.

ಮುಗಿಯಿತೋ ಇಲ್ಲವೋ ತಿಳಿಯಲು ಹಲ್ಲನ್ನು ಬೆಳಕಿಗೆ ತಿರುಗಿಸಿ ನೋಡಿ. ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಮಿನುಗಿದರೆ ಅಲ್ಲಿ ಇನ್ನೂ ಮೊಂಡುತನವಿದೆ. ಹರಿತವಾದ ಅಂಚು ಬೆಳಕನ್ನು ಮರಳಿಸುವಷ್ಟು ಅಗಲವಿರುವುದಿಲ್ಲ. ಮೂಲೆಯನ್ನು ವಿಶೇಷವಾಗಿ ನೋಡಿ.

ರೇಕರ್ ಮರೆತರೆ ಶ್ರಮ ವ್ಯರ್ಥ

ಚೆನ್ನಾಗಿ ಅರ ಹಾಕಿದ ಚೈನೂ ಹಿಟ್ಟು ಉದುರಿಸುವುದುಂಟು. ಆಗ ಹಲ್ಲನ್ನು ಮತ್ತೆ ಮತ್ತೆ ತಿಕ್ಕಿ ಚೈನಿನ ಆಯುಸ್ಸು ಕಳೆಯುತ್ತಾರೆ, ಆದರೆ ತೊಂದರೆ ಇರುವುದು ರೇಕರ್‌ನಲ್ಲಿ. ನೆತ್ತಿ ಹಿಂದಕ್ಕೆ ಹೋದಂತೆ ಇಳಿಜಾರಾಗಿರುತ್ತದೆ. ಹಾಗಾಗಿ ಪ್ರತಿ ಸಾಣೆಗೂ ಹಲ್ಲು ಗಿಡ್ಡವಾಗುವುದರ ಜೊತೆ ತಗ್ಗುತ್ತದೆ. ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ಅಂತರ ಮುಚ್ಚುತ್ತಾ ಬಂದು, ಹರಿತವಾದ ಅಂಚು ಮರವನ್ನು ಮುಟ್ಟಲಾರದ ಸ್ಥಿತಿ ಬರುತ್ತದೆ.

ಸಾಮಾನ್ಯ ಅಂತರ 0.65 ಮಿ.ಮೀ. ಮೂರು ನಾಲ್ಕು ಸಾಣೆಗೊಮ್ಮೆ ಗೇಜ್ ಪಟ್ಟಿಯನ್ನು ಹಲ್ಲುಗಳ ಮೇಲಿಟ್ಟು, ಸೀಳಿನಿಂದ ಮೇಲೆ ಕಾಣುವ ರೇಕರ್ ಭಾಗವನ್ನು ಚಪ್ಪಟೆ ಅರದಿಂದ ತೆಗೆಯಿರಿ. ಆಮೇಲೆ ಗೇಜ್ ತೆಗೆದು ರೇಕರ್‌ನ ಮುಂಭಾಗದ ಮೂಲೆಯನ್ನು ಮೊದಲಿನಂತೆ ಉರುಟು ಮಾಡಿ. ಚೂಪು ಮೂಲೆ ಮರಕ್ಕೆ ಗುದ್ದುತ್ತದೆ.

ಚೈನು ಅರ್ಧಕ್ಕಿಂತ ಹೆಚ್ಚು ಸವೆದ ಮೇಲೆ ಒಂದು ಸೂಕ್ಷ್ಮವಿದೆ. ಆಗ ಅಂಚು ರೇಕರ್‌ನಿಂದ ದೂರ ಸರಿದಿರುತ್ತದೆ. ಎತ್ತರದ ವ್ಯತ್ಯಾಸ ಅದೇ 0.65 ಇದ್ದರೂ, ದೂರ ಹೆಚ್ಚಾದ್ದರಿಂದ ಕಚ್ಚುವ ಕೋನ ಕಡಿಮೆಯಾಗುತ್ತದೆ. ಹಳೆಯ ಚೈನು ಎಷ್ಟು ಸಾಣೆ ಹಿಡಿದರೂ ಹೊಸದರಂತೆ ಕೊಯ್ಯದಿರಲು ಬಹುಪಾಲು ಕಾರಣ ಇದು. ಒಂದೊಂದೇ ಹಲ್ಲಿನ ಮೇಲೆ ಕೂರಿಸುವ ಪ್ರೋಗ್ರೆಸಿವ್ ಗೇಜ್ ಈ ದೂರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಲ್ಲುಗಳ ಉದ್ದದಲ್ಲಿ ಸಣ್ಣ ಹೆಚ್ಚುಕಮ್ಮಿ ಇದ್ದರೆ ಅದನ್ನೂ ಸರಿದೂಗಿಸುತ್ತದೆ. ಸಾಧ್ಯವಿದ್ದವರು ಇದನ್ನೇ ಕೊಳ್ಳಿ.

ಬೇಗ ಕೊಯ್ಯಲೆಂದು ರೇಕರ್‌ಗಳನ್ನು ಮನಸ್ಸಿಗೆ ಬಂದಷ್ಟು ಇಳಿಸುವುದು ಮಾತ್ರ ಅಪಾಯಕಾರಿ. ಹಲ್ಲು ಶಕ್ತಿಗೆ ಮೀರಿ ಕಚ್ಚುತ್ತದೆ, ಯಂತ್ರ ಅದುರುತ್ತದೆ, ಎಂಜಿನ್ ನಿಂತುಹೋಗುತ್ತದೆ. ಬಾರಿನ ತುದಿ ಮರಕ್ಕೆ ತಾಗಿ ಯಂತ್ರ ಮುಖದ ಕಡೆಗೆ ಚಿಮ್ಮುವ ಕಿಕ್‌ಬ್ಯಾಕ್ ಹೆಚ್ಚು ರಭಸದಿಂದ ಆಗುತ್ತದೆ. ಹೆಚ್ಚು ಇಳಿಸಿದ ರೇಕರ್ ಮತ್ತೆ ಬೆಳೆಯುವುದಿಲ್ಲ. ಹಲ್ಲುಗಳನ್ನೇ ಅದಕ್ಕೆ ಸರಿಯಾಗಿ ತಗ್ಗಿಸಬೇಕು, ಇಲ್ಲವೇ ಚೈನು ಬದಲಿಸಬೇಕು.

ಗ್ರೈಂಡರ್ ಯಾವಾಗ?

ತಿರುಗುವ ಸಾಣೆ ಚಕ್ರದ ಗ್ರೈಂಡರ್ ದಿನನಿತ್ಯದ ಸಾಧನವಲ್ಲ, ರಿಪೇರಿ ಸಾಧನ. ಕಲ್ಲಿಗೆ ಬಡಿದು ಮೂಲೆಗಳೆಲ್ಲ ಹೋದಾಗ, ಕೋನಗಳು ಹಲ್ಲಿಗೊಂದು ದಾರಿ ಹಿಡಿದಾಗ, ಎರಡು ಸಾಲುಗಳ ಉದ್ದ ತೀರ ಬೇರೆಯಾದಾಗ ಅದು ಒಂದೇ ಸುತ್ತಿನಲ್ಲಿ ಎಲ್ಲವನ್ನೂ ಸಮ ಮಾಡಿಕೊಡುತ್ತದೆ. ಸಣ್ಣ ಪಿಚ್‌ಗಳಿಗೆ, .325ಕ್ಕೆ, ಲೋ ಪ್ರೊಫೈಲ್‌ಗೆ 3.2 ಮಿ.ಮೀ. ದಪ್ಪದ ಚಕ್ರ, ಪೂರ್ಣ 3/8 ಮತ್ತು .404ಕ್ಕೆ 4.8 ಮಿ.ಮೀ. ಚಕ್ರ. ಅಂಚು ದುಂಡಗಿರುವಂತೆ ಡ್ರೆಸ್ಸಿಂಗ್ ಕಲ್ಲಿನಿಂದ ಚಕ್ರವನ್ನು ಆಗಾಗ ತಿದ್ದಬೇಕು. ಹೊಳಪು ಬಂದು ಮುಚ್ಚಿಕೊಂಡ ಚಕ್ರ ಕೊಯ್ಯದೆ ಬರೀ ಬಿಸಿ ಮಾಡುತ್ತದೆ. ಚಕ್ರ ಹಾಕುವ ಮೊದಲು ಬಿರುಕಿದೆಯೇ ನೋಡಿ, ಕನ್ನಡಕ ಧರಿಸಿ, ಸ್ವಿಚ್ ಹಾಕಿದ ಮೊದಲ ಗಳಿಗೆಗಳಲ್ಲಿ ಚಕ್ರದ ನೇರಕ್ಕೆ ನಿಲ್ಲಬೇಡಿ.

ಅತಿ ಗಿಡ್ಡ ಹಲ್ಲಿಗೆ ಸ್ಟಾಪ್ ಹೊಂದಿಸಿ, ಚಕ್ರ ಕೆಳಗಿನ ಕಡಿಗಳಿಗೆ ತಾಗದಂತೆ ಆಳ ಕಟ್ಟಿ. ಆಮೇಲೆ ಒತ್ತಿ ಹಿಡಿಯದೆ, ಮುಟ್ಟಿ ಮುಟ್ಟಿ ಎತ್ತಿ. ಹಲ್ಲು ಚಿಕ್ಕದು, ಬಿಸಿ ಓಡಲು ಜಾಗವಿಲ್ಲ. ಅಂಚಿಗೆ ನೀಲಿ ಬಣ್ಣ ಬಂತೆಂದರೆ ಅಲ್ಲಿ ಬಿಸಿ ಸುಮಾರು 300 ಡಿಗ್ರಿ ಮುಟ್ಟಿದೆ, ಉಕ್ಕಿನ ಹದ ಕೆಟ್ಟಿದೆ. ಅಂಥ ಅಂಚು ಕೆಲವೇ ಕೊಯ್ತಕ್ಕೆ ಮಡಚಿಕೊಳ್ಳುತ್ತದೆ. ಇನ್ನೂ ಹೆಚ್ಚು ಸುಟ್ಟ ಕಡೆ ತಟ್ಟನೆ ತಣಿದು ಗಾಜಿನಂತೆ ಗಡುಸಾಗಿ, ಮುಂದೆ ಅರ ಹಾಕಿದಾಗ ಅರವೇ ಜಾರುತ್ತದೆ. ನೀಲಿಯಾದ ಭಾಗವನ್ನು ಪೂರ್ತಿ ತೆಗೆಯುವುದು ಬಿಟ್ಟು ಬೇರೆ ಮದ್ದಿಲ್ಲ. ಒಂದು ಹಲ್ಲಿಗೆ ಹೆಚ್ಚು ತೆಗೆಯಬೇಕಿದ್ದರೆ ಇಡೀ ಚೈನನ್ನು ಎರಡು ಮೂರು ಸುತ್ತಾಗಿ ಮಾಡಿ, ಪ್ರತಿ ಸುತ್ತಿಗೆ ಸ್ವಲ್ಪ.

ಹಗುರವಾದ ಗ್ರೈಂಡರ್‌ಗಳಲ್ಲಿ ತೋಳು ಪಕ್ಕಕ್ಕೆ ಬಳುಕುತ್ತದೆ, ಚೈನು ಹಿಡಿಯುವ ವೈಸ್ ಸಡಿಲವಿರುತ್ತದೆ. ತೋಳನ್ನು ಪ್ರತಿ ಸಲ ಒಂದೇ ಬದಿಯಿಂದ ಇಳಿಸಿ, ಎಡ ಸಾಲಿನಿಂದ ಬಲ ಸಾಲಿಗೆ ಹೋದಾಗ ಹಲ್ಲಿನ ಉದ್ದ ಅಳೆದೇ ಮುಂದುವರಿಯಿರಿ. ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಯಂತ್ರಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಅವುಗಳ ಕಲ್ಲು ಬೇಗ ಸವೆಯುತ್ತದೆ. 4.8ರ ಕಲ್ಲು 4.3ಕ್ಕೆ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಹಲ್ಲಿನ ಕೊಕ್ಕೆಯಲ್ಲಿ ಕಾಣುತ್ತದೆ. ಆಂಗಲ್ ಗ್ರೈಂಡರ್ ಹಿಡಿದು ಚೈನಿಗೆ ಸಾಣೆ ಹಿಡಿಯುವುದನ್ನಂತೂ ಬಿಡಿ. ಅದರಲ್ಲಿ ಕೋನ ಇಲ್ಲ, ಅಳತೆ ಇಲ್ಲ, ಬಿಸಿಯ ಮೇಲೆ ಹಿಡಿತ ಇಲ್ಲ. ಕಾರ್ಬೈಡ್ ಹಲ್ಲಿನ ಚೈನಿಗೆ ಮಾಮೂಲಿ ಅರವೂ ಚಕ್ರವೂ ಹತ್ತುವುದಿಲ್ಲ, ವಜ್ರದ ಚಕ್ರವೇ ಬೇಕು.

ಯಾವುದರಲ್ಲಿ ಸಾಣೆ ಹಿಡಿದರೂ ಕೊನೆಗೆ ಲೋಹದ ಪುಡಿಯನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಾಕಿ, ಬಿಗಿ ಮಾಡಿದ್ದ ಚೈನನ್ನು ಮಾಮೂಲಿ ಹದಕ್ಕೆ ಸಡಿಲಿಸಿ. ಬಾರನ್ನು ತಿರುಗಿಸಿ ಹಾಕಿ, ಹಳಿಗಳ ಹೊರ ಅಂಚಿನಲ್ಲಿ ಎದ್ದ ಸಿಬಿರನ್ನು ಚಪ್ಪಟೆ ಅರದಿಂದ ತೆಗೆಯಿರಿ. ನೆತ್ತಿಯ ಹಿಂಭಾಗದಲ್ಲಿ ತಯಾರಕರು ಕೊರೆದ ಗೆರೆಯವರೆಗೆ ಹಲ್ಲು ಬಂದಿದ್ದರೆ, ಗೆರೆ ಇಲ್ಲದ ಚೈನಿನಲ್ಲಿ ನೆತ್ತಿ 4 ಮಿ.ಮೀ.ಗೆ ಇಳಿದಿದ್ದರೆ, ಅಥವಾ ಎಲ್ಲಾದರೂ ಬಿರುಕು ಕಂಡರೆ ಆ ಚೈನನ್ನು ಇನ್ನು ಹಾಕಬೇಡಿ. ಇಲ್ಲದಿದ್ದರೆ ಒಂದು ದಿಮ್ಮಿಯ ಮೇಲೆ ಪರೀಕ್ಷೆ ಮಾಡಿ. ಅದುಮದೆ ಯಂತ್ರದ ಭಾರವನ್ನಷ್ಟೇ ಬಿಟ್ಟಾಗ ಚೈನು ತಾನಾಗಿ ಇಳಿಯಬೇಕು, ಕೊಯ್ತ ನೇರ ಇರಬೇಕು, ಉದುರಿದ ಚಕ್ಕೆಗಳನ್ನು ಬೆರಳಲ್ಲಿ ಒಂದೊಂದಾಗಿ ಎತ್ತಿಕೊಳ್ಳುವಂತಿರಬೇಕು. ಮುಂದೆ ಇಂಧನ ತುಂಬುವಾಗಲೆಲ್ಲ ಹಲ್ಲಿಗೆ ಎರಡೆರಡು ತಳ್ಳು ಕೊಡುತ್ತಾ ಹೋದರೆ ಗ್ರೈಂಡರ್‌ನ ಅಗತ್ಯ ಅಪರೂಪಕ್ಕೆ ಬೀಳುತ್ತದೆ.