ಚರ್ಮವಿಲ್ಲದ ಡ್ರಮ್

ಡ್ರಮ್ ಯಂತ್ರವೆಂದರೆ ನಿಜವಾದ ಡ್ರಮ್ಮಿನ ಸದ್ದನ್ನು ಮೊದಲೇ ಧ್ವನಿಮುದ್ರಿಸಿಟ್ಟುಕೊಂಡು, ಗುಂಡಿ ಒತ್ತಿದಾಗ ಅದನ್ನೇ ಒಪ್ಪಿಸುವ ಪೆಟ್ಟಿಗೆ ಎಂಬ ನಂಬಿಕೆ ಸಂಗೀತ ಬಲ್ಲವರಲ್ಲಿಯೂ ಇದೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಮಾರುಕಟ್ಟೆಗೆ ತಂದ ಟಿಆರ್-808ರ ವಿಷಯದಲ್ಲಿ ಇದು ಪೂರ್ತಿ ತಪ್ಪು. ಅದರೊಳಗೆ ಧ್ವನಿಮುದ್ರಣದ ಒಂದು ತುಣುಕೂ ಇಲ್ಲ. ಸರ್ಕ್ಯೂಟುಗಳು ಪ್ರತಿ ಸಲವೂ ಸದ್ದನ್ನು ಹೊಸದಾಗಿ ಹುಟ್ಟಿಸುತ್ತವೆ. ಯಂತ್ರ ನೆನಪಿಟ್ಟುಕೊಳ್ಳುವುದು ಸಾಲಾಗಿರುವ ಬಣ್ಣಬಣ್ಣದ 16 ಗುಂಡಿಗಳ ಮೂಲಕ ನಾವು ಹೇಳಿಕೊಟ್ಟ ಲೆಕ್ಕವನ್ನು, ಅಂದರೆ ಯಾವ ಹೆಜ್ಜೆಗೆ ಯಾವ ಪೆಟ್ಟು ಎಂಬುದನ್ನು ಮಾತ್ರ.

ಕಿಕ್ ಡ್ರಮ್ಮನ್ನೇ, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದನ್ನೇ ನೋಡೋಣ. ಅದರ ಹೃದಯ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ‘ಬ್ರಿಡ್ಜ್ಡ್-ಟಿ’ ಎಂಬ ಪುಟ್ಟ ಜಾಲ. ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿ ಕೈಬಿಟ್ಟರೆ ಅದು ತನ್ನದೇ ಸ್ವರದಲ್ಲಿ ಮೊಳಗಿ ಮೆಲ್ಲನೆ ಅಡಗುವಂತೆ, ಕ್ಷಣಮಾತ್ರದ ವಿದ್ಯುತ್ ಪೆಟ್ಟು ತಗುಲಿದ ಈ ಜಾಲ ಸೆಕೆಂಡಿಗೆ ಸುಮಾರು 50 ಸಲ ಕಂಪಿಸುತ್ತ ಕ್ಷೀಣಿಸುತ್ತದೆ. ಆದರೆ ಗಂಟೆಯ ಹೋಲಿಕೆ ಅರ್ಧ ದಾರಿಯವರೆಗಷ್ಟೇ ಬರುತ್ತದೆ, ಏಕೆಂದರೆ ಅದರ ಮೊಳಗು ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ಎರಕ ಹೊಯ್ದವನೇ ತೀರ್ಮಾನಿಸಿಬಿಟ್ಟಿರುತ್ತಾನೆ. ಅದಕ್ಕಿಂತ ಸಭೆಯ ಮೈಕನ್ನು ನೆನೆಯುವುದು ಒಳ್ಳೆಯದು. ಸ್ಪೀಕರಿನ ಸದ್ದು ಮೈಕಿಗೆ ಮರಳಿ, ಹಿಗ್ಗಿ, ಮತ್ತೆ ಮರಳಿ ‘ಕುಂಯ್’ ಎಂದು ಅರಚುತ್ತದೆಯಲ್ಲ, ಆ ಅರಚಾಟಕ್ಕೆ ಕೂದಲೆಳೆಯಷ್ಟು ಮುಂಚೆ ವಾಲ್ಯೂಮನ್ನು ನಿಲ್ಲಿಸಿದರೆ ಆಡಿದ ಪ್ರತಿ ಮಾತೂ ಬಾಲ ಎಳೆದುಕೊಂಡು ಹೋಗುತ್ತದೆ. 808ರ ಕಿಕ್ ಸರ್ಕ್ಯೂಟ್ ನಿಂತಿರುವುದು ಆ ಅಂಚಿನ ಆಸುಪಾಸಿನಲ್ಲಿಯೇ. ‘ಡಿಕೇ’ ಎಂಬ ತಿರುಪನ್ನು ತಿರುಗಿಸಿ, ಹೊರಬಂದ ಸಂಕೇತವನ್ನು ಒಳಕ್ಕೆ ಮರಳಿ ಉಣಿಸುವ ಪ್ರಮಾಣವನ್ನು ಹೆಚ್ಚಿಸಿದರೆ, ‘ಧಪ್’ ಎನ್ನುತ್ತಿದ್ದದ್ದು ‘ಧೂಂ’ ಎಂದು ದೀರ್ಘವಾಗುತ್ತದೆ. ಇದರ ಜೊತೆಗೆ, ಮೊದಲ ಕೆಲವು ಮಿಲಿಸೆಕೆಂಡು ಸ್ವರವನ್ನು ಬೇಕೆಂದೇ ಮೇಲೇರಿಸಿ ಕೆಳಗಿಳಿಸುವ ಏರ್ಪಾಡೂ ಇದೆ. ನಮ್ಮ ಕಿವಿಗೆ ಪೆಟ್ಟಿನಂತೆ ತಗಲುವುದು ಆ ಜಾರಿಕೆ.

ಕೌಬೆಲ್ ಎಂಬ ಲೋಹದ ಗಂಟೆಯ ಸದ್ದಿಗೆ ಎರಡು ಚೌಕ ತರಂಗಗಳು (ಎರಡು ಮಟ್ಟಗಳ ನಡುವೆ ಥಟ್ಟನೆ ಜಿಗಿಯುವ ವಿದ್ಯುತ್ ಸಂಕೇತಗಳು) ಸಾಕು, ಸಿಂಬಲ್ ಎಂಬ ಲೋಹದ ತಟ್ಟೆಯ ಸದ್ದಿಗೆ ಒಂದಕ್ಕೊಂದು ಶ್ರುತಿ ಸೇರದ ಆರು ಬೇಕು. ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮಿಗೆ ಮತ್ತು ಚಪ್ಪಾಳೆಗೆ ಬೇಕಾದ ‘ಹಿಸ್’ ಸದ್ದನ್ನು ಕೊಡುವುದು ಒಂದು ಟ್ರಾನ್ಸಿಸ್ಟರಿನ ಒಳಗದ್ದಲ. ಕಾರ್ಖಾನೆಗಳು ದೋಷವಿದೆಯೆಂದು ತಿರಸ್ಕರಿಸಿದ ಟ್ರಾನ್ಸಿಸ್ಟರುಗಳನ್ನೇ ಆರಿಸಿ ಕೊಳ್ಳುತ್ತಿದ್ದೆವೆಂದೂ, ತಯಾರಿಕೆ ಸುಧಾರಿಸಿ ಅಂಥವು ಸಿಗದಂತಾದದ್ದೇ ಯಂತ್ರವನ್ನು ನಿಲ್ಲಿಸಲು ಕಾರಣವೆಂದೂ ರೋಲ್ಯಾಂಡಿನ ಸ್ಥಾಪಕ ಇಕುತಾರೊ ಕಾಕೆಹಾಶಿ ಹೇಳಿದ್ದಾರೆ. ಗುಣಮಟ್ಟ ಹೆಚ್ಚಿ ಒಂದು ವಾದ್ಯ ಅಳಿದ ಇನ್ನೊಂದು ಉದಾಹರಣೆ ನನಗಂತೂ ಹೊಳೆಯುತ್ತಿಲ್ಲ.

1983ರಲ್ಲಿ ತಯಾರಿಕೆ ನಿಂತಾಗ ಹೊರಬಂದಿದ್ದವು ಸುಮಾರು 12,000 ಯಂತ್ರಗಳು. ನೈಜ ಡ್ರಮ್ಮಿನ ಧ್ವನಿಮುದ್ರಣವನ್ನು ನುಡಿಸುತ್ತಿದ್ದ ಅಂದಿನ ಲಿನ್ ಎಲ್‌ಎಂ-1ರ ಬೆಲೆ 5,000 ಡಾಲರಿನ ಹತ್ತಿರವಿದ್ದರೆ, 808ರದು 1,195 ಡಾಲರ್. ಆದರೂ ‘ಇದು ಡ್ರಮ್ಮಿನಂತೆ ಕೇಳುವುದಿಲ್ಲ’ ಎಂಬ ದೂರು ಅದನ್ನು ಬಿಡಲಿಲ್ಲ. ದೂರು ನಿಜವೇ ಆಗಿತ್ತು, ಮತ್ತು ಅದರಿಂದಲೇ ಅದು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಹೊಸಬರ ಕೈಸೇರಿತು. 1982ರಲ್ಲಿ ಹಿಪ್-ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ ಮತ್ತು ಗಾಯಕ ಮಾರ್ವಿನ್ ಗೇ ಅವರ ಹಾಡುಗಳು ಅದರ ದನಿಯನ್ನು ಅಮೆರಿಕಕ್ಕೆಲ್ಲ ಕೇಳಿಸಿದವು. ಮಯಾಮಿಯ ಬೇಸ್ ಸಂಗೀತದವರು ಕಿಕ್ಕಿನ ಬಾಲವನ್ನು ಉದ್ದಕ್ಕೆ ಎಳೆದು ಕಾರಿನ ಸ್ಪೀಕರುಗಳನ್ನು ನಡುಗಿಸಿದರು. ಅದೇ 1982ರಲ್ಲಿ ಮುಂಬೈ ಚಿತ್ರರಂಗದ ವಾದಕ ಚರಣ್‌ಜಿತ್ ಸಿಂಗ್ ಈ ಯಂತ್ರದ ಲಯದ ಮೇಲೆ ಸಿಂಥಸೈಜರಿನಲ್ಲಿ ಹತ್ತು ರಾಗಗಳನ್ನು ನುಡಿಸಿ ದಾಖಲಿಸಿದರು. ಆಗ ಯಾರೂ ಗಮನಿಸದ ಆ ಗ್ರಾಮಫೋನ್ ತಟ್ಟೆ 2010ರಲ್ಲಿ ಮರುಬಿಡುಗಡೆಯಾದಾಗ, ಷಿಕಾಗೋದ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತವನ್ನು ಅದು ಕೆಲವು ವರ್ಷ ಮೊದಲೇ ಮುಟ್ಟಿತ್ತೆಂದು ಕೇಳುಗರು ಬೆರಗಾದರು.

ಟ್ರ್ಯಾಪ್ ಎಂಬ ಇಂದಿನ ಹಿಪ್-ಹಾಪ್ ಬಗೆಯ ಸಂಗೀತದಲ್ಲಿ ‘808’ ಎಂದರೆ ಯಂತ್ರವಲ್ಲ, ದೀರ್ಘವಾಗಿ ಮೊಳಗುವ ಆ ಮಂದ್ರ ಸ್ವರ. ಬೇಸ್ ಗಿಟಾರಿನ ಜಾಗದಲ್ಲಿ ಅದನ್ನೇ ಬೇರೆ ಬೇರೆ ಶ್ರುತಿಗೆ ಕೂರಿಸಿ ನುಡಿಸುತ್ತಾರೆ. ಅದಕ್ಕೆ ಬಹುತೇಕ ಬಳಸುವುದು, ಹಳೆಯ ಯಂತ್ರದಿಂದ ಧ್ವನಿಮುದ್ರಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡ ಒಂದು ತುಣುಕನ್ನು.