ಬಿಸಿನೀರಿನ ಟ್ಯಾಂಕೂ ಕನ್ನಂಬಾಡಿ ಕಟ್ಟೆಯೂ

ನಮ್ಮ ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ. ನೀರು ಕಾಯುವುದು ಮಧ್ಯಾಹ್ನ, ಸ್ನಾನ ಮಾರನೇ ದಿನ ಬೆಳಿಗ್ಗೆ ಆರಕ್ಕೆ. ಅಲ್ಲಿಯವರೆಗೂ ಬಿಸಿ ಆರದಂತೆ ಹಿಡಿದಿಡುವುದು ಪಕ್ಕದಲ್ಲಿ ಮಲಗಿರುವ ಡ್ರಮ್ಮಿನಂಥ ಟ್ಯಾಂಕು. ಬಿಸಿಲೇನೋ ಪುಕ್ಕಟೆ, ಆದರೆ ಆ ಟ್ಯಾಂಕಿಲ್ಲದಿದ್ದರೆ ನಾವೆಲ್ಲ ಮಧ್ಯಾಹ್ನ ಎರಡಕ್ಕೇ ಸ್ನಾನ ಮಾಡಬೇಕಿತ್ತು, ಅಲ್ವಾ?

ಜುಲೈಯಲ್ಲಿ ನಾಲ್ಕು ದಿನ ಮೋಡ ಕವಿದರೆ ಟ್ಯಾಂಕೂ ಕೈಕೊಡುತ್ತದೆ. ಆಗ ಗೀಸರ್. ಎರಡು ಕಿಲೋವ್ಯಾಟ್‌ನದು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಆ ಕರೆಂಟು ರಾಯಚೂರಿನ ಶಕ್ತಿನಗರದಂಥ ಕಡೆಯಿಂದ ಬಂದಿದ್ದರೆ, ಅಲ್ಲಿ ಸುಮಾರು 600-700 ಗ್ರಾಂ ಕಲ್ಲಿದ್ದಲು ಬೂದಿಯಾಗಿರುತ್ತದೆ. ಅದೂ ಬಿಸಿಲೇ. 25 ಕೋಟಿ ವರ್ಷಕ್ಕೂ ಹಿಂದೆ ಜೌಗಿನಲ್ಲಿ ಬೆಳೆದ ಗಿಡಮರ ಹಿಡಿದಿಟ್ಟ ಬಿಸಿಲು, ಒಂದು ಸ್ನಾನಕ್ಕೆ ಖಲಾಸ್. ಆದರೂ ಕಲ್ಲಿದ್ದಲನ್ನು ಬಿಡೋದು ಸುಲಭವಲ್ಲ, ಯಾಕೆಂದರೆ ಅದನ್ನು ಅಂಗಳದಲ್ಲಿ ರಾಶಿ ಹಾಕಿಟ್ಟು ಬೇಕಾದಾಗ ಉರಿಸಬಹುದು.

ಶಾಲೆಯಲ್ಲಿ ಶಕ್ತಿಯ ಮೂಲಗಳನ್ನು ಎರಡು ಕಾಲಂ ಮಾಡಿ ಬರೆಸುತ್ತಿದ್ದರು: ಮುಗಿಯುವಂಥದ್ದು, ಮುಗಿಯದ್ದು. (ಪುಸ್ತಕದಲ್ಲಿ 'ನವೀಕರಿಸಬಹುದಾದ' ಅಂತಿತ್ತು, ನಾಲಿಗೆ ತಿರುಗುತ್ತಿರಲಿಲ್ಲ.) ಕರೆದಾಗ ಬರುತ್ತದೋ ಇಲ್ಲವೋ ಅನ್ನೋ ಕಾಲಂ ಇರಲೇ ಇಲ್ಲ. ಮೈಸೂರು ಸಂಸ್ಥಾನಕ್ಕೆ ಅದರ ಬಿಸಿ ನೂರು ವರ್ಷದ ಹಿಂದೆಯೇ ತಟ್ಟಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಗಣಿಗೆ ಬಡಿಸಿದ ಮೇಲೆ. ಕಾವೇರಿ ಪ್ರತಿ ಮಳೆಗಾಲಕ್ಕೂ ತುಂಬಿ ಬರುತ್ತಾಳೆ ನಿಜ, ಬೇಸಿಗೆಯಲ್ಲಿ ಮಾತ್ರ ಸೊರಗುತ್ತಾಳೆ, ಗಣಿಯ ಯಂತ್ರಗಳಿಗೆ ಬೇಸಿಗೆ ಗೊತ್ತಾಗಬೇಕಲ್ಲ! 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಮಂಡ್ಯದ ಗದ್ದೆಗಳ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಬಿಡುವ ಲೆಕ್ಕವೂ ಇತ್ತು. ನಮ್ಮ ತಾರಸಿ ಟ್ಯಾಂಕಿನ ಕೆಲಸವೇ, ಸ್ವಲ್ಪ ದೊಡ್ಡದು ಅಷ್ಟೇ.

ಈಗ ಪಾವಗಡ ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್, ರೈತರ ಜಮೀನು ಗುತ್ತಿಗೆಗೆ. ಮಳೆಯನ್ನೇ ನಂಬಿ ಸೋತ ಸೀಮೆಗೆ ಬಿಸಿಲೇ ಬಾಡಿಗೆ ತಂದುಕೊಡುತ್ತಿದೆ. ಮಧ್ಯಾಹ್ನ ಕರೆಂಟು ಜಾಸ್ತಿ, ಸಂಜೆ ಏಳಕ್ಕೆ ಸೊನ್ನೆ, ಮನೆಗಳಲ್ಲಿ ಲೈಟು ಟಿವಿ ಮಿಕ್ಸಿ ಎಲ್ಲ ಶುರುವಾಗೋದೇ ಆಗ. ಆ ಹೊತ್ತಿಗೆ ಕೈಹಿಡಿಯುವುದು ಶರಾವತಿ. ನೀರು ಬಿಟ್ಟರೆ ಕೆಲವೇ ನಿಮಿಷದಲ್ಲಿ ಟರ್ಬೈನು ತಿರುಗುತ್ತದೆ, ತಣ್ಣಗಾದ ಕಲ್ಲಿದ್ದಲ ಬಾಯ್ಲರ್ ಏಳಬೇಕಾದರೆ ಗಂಟೆಗಟ್ಟಲೆ ಬೇಕು.

ಅದಕ್ಕೇ ಹಗಲು ಉಳಿದ ಕರೆಂಟಿನಲ್ಲಿ ಶರಾವತಿಯದೇ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಡುವ 2,000 ಮೆಗಾವ್ಯಾಟ್ ಯೋಜನೆ ಬಂದಿರುವುದು. ಹೀಗೆ ಎತ್ತಿ ಇಳಿಸುವಲ್ಲಿ ನಾಲ್ಕು ಯೂನಿಟ್ ಹಾಕಿದರೆ ಹೆಚ್ಚುಕಡಿಮೆ ಮೂರು ವಾಪಸ್ಸು, ಅದು ಒಪ್ಪುವ ಲೆಕ್ಕವೇ. ಒಪ್ಪಲಾಗದ್ದು ಜಾಗ: ಸಿಂಗಳೀಕಗಳಿರುವ ಶರಾವತಿ ಕಣಿವೆಯ ಕಾಡು. ಬ್ಯಾಟರಿಗಳ ಬೆಲೆ ಇಳಿಯುತ್ತಿದೆ, ಪಾವಗಡದ ಪಕ್ಕದಲ್ಲೇ ಅವನ್ನಿಟ್ಟರೆ ಎಷ್ಟಾಗುತ್ತದೆ ಅಂತ ಮೊದಲು ಯಾರಾದರೂ ಕೂಡಿ ಕಳೆದು ತೋರಿಸಲಿ.