ರಂಗಮಂದಿರ ಯಾವ ಊರಿನದು?

ಹೊಸ ರಂಗಮಂದಿರ ಕಟ್ಟುವ ಮಾತು ಬಂದಾಗಲೆಲ್ಲ ಒಂದು ಬೇಡಿಕೆ ಕೇಳಿಬರುತ್ತದೆ: ಕಟ್ಟಡ ನೋಡಿದರೆ ನಮ್ಮ ಸೀಮೆಯದು ಅನ್ನಿಸಬೇಕು. ಹಿಂದಿನವರಿಗೆ ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ಕೇರಳದ ದೇವಸ್ಥಾನಗಳ ಕೂತ್ತಂಬಲ ನೋಡಿ. ಅದು ಕೂಡಿಯಾಟ್ಟಂ, ಕೂತ್ತು ಎಂಬ ಹಳೆಯ ರಂಗಕಲೆಗಳಿಗೆಂದೇ ಕಟ್ಟಿದ ಜಾಗ. ಚೌಕದ ರಂಗ, ನಟರ ಹಿಂದೆ ಮಿಳಾವು ಎಂಬ ವಾದ್ಯ ಬಾರಿಸುವವರು, ಮೇಲೆ ಜೋರು ಮಳೆಗೆ ತಕ್ಕ ಕಡಿದಾದ ಚಾವಣಿ. ಆಟ ಹೇಗೋ ಕಟ್ಟಡ ಹಾಗೆ.

ತೊಡಕು ಶುರುವಾದದ್ದು ಒಂದೇ ನಮೂನೆಯ ರಂಗಮಂದಿರ ದೇಶದೇಶ ಸುತ್ತಲು ಹೊರಟಾಗ. ಇಟಲಿಯ ಪಾರ್ಮಾದಲ್ಲಿ 1618ರಲ್ಲಿ ಕಟ್ಟಿದ ಫಾರ್ನೇಸೆ ರಂಗಮಂದಿರದಲ್ಲಿ ರಂಗದ ಮುಂದೆ ದೊಡ್ಡ ಚೌಕಟ್ಟು ಇತ್ತು. ಆಟ ಚೌಕಟ್ಟಿನ ಒಳಗೆ, ನೋಡುವವರು ಹೊರಗೆ. ಈ ಏರ್ಪಾಡು ಯೂರೋಪಿನಲ್ಲಿ ಬೇರೂರಿತು. ಆಮೇಲೆ ಆಳುವವರ, ವ್ಯಾಪಾರಿಗಳ ಜೊತೆ ಹಡಗು ಹತ್ತಿತು. ಫ್ರೆಂಚರು 1911ರಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ ಮುಗಿಸಿದ ಒಪೆರಾ ಭವನಕ್ಕೆ ಪ್ಯಾರಿಸ್ಸಿನದೇ ಮಾದರಿ.

ಬ್ರೆಜಿಲ್‌ನ ಮನೌಸ್ ಕಥೆ ಇನ್ನೂ ಸ್ವಾರಸ್ಯದ್ದು. ಅಮೆಜಾನ್ ಕಾಡಿನ ನಡುವಿನ ಈ ಪಟ್ಟಣಕ್ಕೆ ಹತ್ತೊಂಬತ್ತನೇ ಶತಮಾನದ ಕೊನೆಗೆ ರಬ್ಬರಿನ ದುಡ್ಡು ಹರಿದು ಬಂದಿತ್ತು. 1896ರಲ್ಲಿ ಅಲ್ಲಿ ಒಪೆರಾ ಭವನ ತೆರೆಯಿತು. ಅಮೃತಶಿಲೆ ಇಟಲಿಯಿಂದ ಬಂತು, ಉಕ್ಕು ಬ್ರಿಟನ್ನಿನಿಂದ ಬಂತು. ಇಷ್ಟಾದ ಮೇಲೆ ನಮ್ಮದು ಅನ್ನುವುದಕ್ಕೂ ಏನಾದರೂ ಬೇಕಲ್ವಾ? ಗುಮ್ಮಟಕ್ಕೆ ಸುಮಾರು 36,000 ಬಿಲ್ಲೆಗಳನ್ನು ಕೂರಿಸಿ ಬ್ರೆಜಿಲ್ ಬಾವುಟದ ಬಣ್ಣ ತಂದರು. ಆ ಬಿಲ್ಲೆಗಳೂ ಯೂರೋಪಿನವೇ! ಕಟ್ಟಡವೆಲ್ಲ ಮುಗಿದ ಮೇಲೆ ಗುರುತನ್ನು ಟೋಪಿಯ ಹಾಗೆ ತಲೆಗೆ ಇಡುವ ಈ ಚಾಳಿ ಇವತ್ತಿಗೂ ಬಿಟ್ಟಿಲ್ಲ.

ನೈಜೀರಿಯಾದ ಲಾಗೋಸ್‌ನಲ್ಲಿ ಕಟ್ಟಡವೇ ಟೋಪಿಯ ಆಕಾರದಲ್ಲಿದೆ, ಅದೂ ಸೇನಾಧಿಕಾರಿಯ ಟೋಪಿ. 1977ರಲ್ಲಿ ಆಫ್ರಿಕಾದ ಕಲೆಗಳ ದೊಡ್ಡ ಉತ್ಸವ ಫೆಸ್ಟಾಕ್ ಅಲ್ಲಿ ನಡೆಯಿತು. ಅದಕ್ಕೆಂದು ರಾಷ್ಟ್ರೀಯ ರಂಗಮಂದಿರ ಎದ್ದಿತು. ಕಟ್ಟಿದ್ದು ಬಲ್ಗೇರಿಯಾದ ಕಂಪನಿ. ವಿನ್ಯಾಸಕ್ಕೆ ಮೂಲ ಅದೇ ದೇಶದ ವರ್ನಾ ನಗರದ ಸಂಸ್ಕೃತಿ ಮತ್ತು ಕ್ರೀಡಾ ಭವನ. ಆಫ್ರಿಕಾದ ಹೆಮ್ಮೆ ಸಾರಬೇಕಿದ್ದ ಮನೆಯ ನಕ್ಷೆ ಕಪ್ಪು ಸಮುದ್ರದ ದಡದಿಂದ ಬಂದಿತ್ತು. ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಮುಖ್ಯ ಸಭಾಂಗಣದ ಅಳತೆ: 5,000 ಆಸನ. ಉತ್ಸವಕ್ಕೇನೋ ಸರಿ. ಹತ್ತು ಜನರ ನಾಟಕ ತಂಡ ಅಲ್ಲಿ ಏನು ಮಾಡಬೇಕು? ಹಿಂದಿನ ಸಾಲಿನವರಿಗೆ ನಟನ ಮುಖ ಕಾಣುತ್ತದೆಯೇ?

ಜಪಾನಿನಲ್ಲಿ ಮುಖವಾಡ ತೊಟ್ಟು ಆಡುವ ಹಳೆಯ ನೋ ನಾಟಕದವರು ಹಿಡಿದ ದಾರಿ ಬೇರೆ. ನೋ ರಂಗ ಹಿಂದೆ ಬಯಲಲ್ಲಿ, ತನ್ನದೇ ಚಾವಣಿಯ ಕೆಳಗೆ ಇರುತ್ತಿತ್ತು. 1881ರಲ್ಲಿ ಟೋಕಿಯೊದ ಶಿಬಾದಲ್ಲಿ ರಂಗವನ್ನೂ ಪ್ರೇಕ್ಷಕರನ್ನೂ ಒಂದೇ ಕಟ್ಟಡದೊಳಗೆ ತಂದರು. ಆದರೆ ರಂಗದ ಚಾವಣಿಯನ್ನು ಕಳಚಲಿಲ್ಲ. ಸೂರಿನೊಳಗೆ ಇನ್ನೊಂದು ಸೂರು! ಸುಮ್ನೆ ಹಳೆಯದರ ಮೋಹ ಅನ್ನುವಂತಿಲ್ಲ. ಮುಖವಾಡದ ಸಣ್ಣ ಕಿಂಡಿಗಳಿಂದ ನಟನಿಗೆ ಕಾಣುವುದೇ ಅಷ್ಟಿಷ್ಟು. ಚಾವಣಿ ಹೊತ್ತ ಕಂಬಗಳನ್ನು ನೋಡಿಕೊಂಡೇ ಅವನು ಹೆಜ್ಜೆ ಇಡುತ್ತಾನೆ. 1983ರಲ್ಲಿ ತೆರೆದ ರಾಷ್ಟ್ರೀಯ ನೋ ರಂಗಮಂದಿರದಲ್ಲೂ ರಂಗ ಹೀಗೇ ಇದೆ. ಯಾವುದನ್ನು ಉಳಿಸಬೇಕು ಎಂದು ಆಡುವವರನ್ನೇ ಕೇಳಿದರೆ ಇಂಥ ಉತ್ತರ ಸಿಗುತ್ತದೆ. ಹೊರಗೋಡೆಯ ಕೆತ್ತನೆಯಿಂದ ಶುರು ಮಾಡಿದವರಿಗೆ ಇದು ಹೊಳೆಯುವುದಿಲ್ಲ.

ಪಣಜಿಯ ಕಲಾ ಅಕಾಡೆಮಿಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಗಮನ ಕೊಟ್ಟದ್ದು ನೋಡುವವರ ಕಡೆಗೆ. ರಸ್ತೆಯಿಂದ ಮಾಂಡವಿ ನದಿಯ ಕಡೆಗೆ ತೆರೆದುಕೊಳ್ಳುವ, ತಗ್ಗಿನ ಕಟ್ಟಡ ಅದು. ನಾಟಕ ಇರಲಿ ಬಿಡಲಿ, ಜನ ನೆರಳಿಗೆ ಬಂದು ಕೂರಬಹುದು. ಸಭಾಂಗಣದ ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರ ಚಿತ್ರಗಳಿವೆ. ಚಿತ್ರದ ಬಾಲ್ಕನಿಗಳಲ್ಲಿ ಗೋವಾದ ಜನ ಕೂತಿದ್ದಾರೆ. ಟಿಕೆಟ್ ಒಂದೂ ಹೋಗದ ದಿನವೂ ನಟರಿಗೆ ಪ್ರೇಕ್ಷಕರು ಗ್ಯಾರಂಟಿ.

ನಾರ್ವೆಯ ಓಸ್ಲೋದಲ್ಲಿ 2008ರಲ್ಲಿ ತೆರೆದ ಒಪೆರಾ ಭವನ ಕಟ್ಟುವಾಗ ಕಲ್ಲಿನ ವಿಷಯಕ್ಕೇ ಗಲಾಟೆಯಾಯಿತು. ದೇಶದ ಗ್ರಾನೈಟ್ ಬಿಟ್ಟು ಇಟಲಿಯ ಅಮೃತಶಿಲೆ ಯಾಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಅಮೃತಶಿಲೆ ಹಾಸಿದ ಚಾವಣಿ ನೀರಿನ ಅಂಚಿನಿಂದಲೇ ಇಳಿಜಾರಾಗಿ ಏರುತ್ತದೆ. ಯಾರು ಬೇಕಾದರೂ ಟಿಕೆಟ್ ಇಲ್ಲದೆ ಅದರ ಮೇಲೆ ನಡೆಯಬಹುದು. ಬೆಟ್ಟ, ಕಾಡು ಯಾರ ಹೆಸರಲ್ಲೇ ಇರಲಿ, ಎಲ್ಲರೂ ಅಲ್ಲಿ ಅಡ್ಡಾಡಬಹುದು ಎಂಬುದು ನಾರ್ವೆಯ ಹಳೆಯ ಹಕ್ಕು. ಕಲ್ಲು ಪರದೇಶದ್ದಾದರೂ ಆ ಹಕ್ಕು ಅಲ್ಲಿನದೇ.